ಹೊರಗಿನ ಗಾಳಿ ಮರೆತ ಡಬ್ಬಿ

ಗಾಳಿಯಕ್ಕ ಎಂಬ ಹೆಸರನ್ನು ಅವಳಿಗೆ ಇಟ್ಟವಳು ಬೇರೆ ಯಾರೂ ಅಲ್ಲ, ಸ್ವಂತ ತಂಗಿ. ಹೊಸ ಕೆಲಸಕ್ಕೆ ಸೇರಿದ ವಾರದಲ್ಲೇ ಅಕ್ಕ ಮನೆಯ ಕಿಟಕಿಗಳಿಗೂ ಕಾನೂನು ತಂದಳು. ಇಷ್ಟು ಹೊತ್ತಿಗೆ ತೆರೆಯಬೇಕು, ಇಷ್ಟು ಹೊತ್ತಿಗೆ ಮುಚ್ಚಬೇಕು, ಒಗೆದ ಬಟ್ಟೆ ಒಳಗೆ ಹರವಿದರೆ ತೇವ ಏರುತ್ತದೆ, ಬಚ್ಚಲಿನ ಬಾಗಿಲು ಹಾಗೇ ಬಿಟ್ಟರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಒದ್ದೆ ಟವೆಲ್ಲನ್ನು ಕುರ್ಚಿಯ ಬೆನ್ನಿಗೆ ಹಾಕಿದ್ದಕ್ಕೆ ಬೈಸಿಕೊಂಡ ದಿನ ತಂಗಿ ಸೊಂಟದ ಮೇಲೆ ಕೈಯಿಟ್ಟು, "ಆಯ್ತಮ್ಮ ಗಾಳಿಯಕ್ಕ, ಉಸಿರು ಬಿಡಬಹುದೋ, ಅದಕ್ಕೂ ನಿನ್ನ ಅಪ್ಪಣೆ ಬೇಕೋ?" ಎಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಗಿನ್ನೂ ಅವರು ಒಟ್ಟಿಗೆ ನಗುತ್ತಿದ್ದ ಕಾಲ.

ಅಮ್ಮ ತೀರಿಕೊಂಡಾಗ ಅಕ್ಕನಿಗೆ ಶಾಲೆ ಮುಗಿದಿರಲಿಲ್ಲ, ತಂಗಿಗೆ ಹಾಲುಹಲ್ಲು ಬಿದ್ದಿರಲಿಲ್ಲ. ತಲೆ ಬಾಚಿ, ಜ್ವರ ಬಂದಾಗ ಮಗ್ಗುಲಲ್ಲಿ ಕೂತು, ಅಂಗೈ ಮೇಲಿಟ್ಟುಕೊಂಡು ಸಾಕಿದವಳು ಅಕ್ಕ. ಮೂವತ್ತು ಹತ್ತಿರವಾದರೂ ತಂಗಿ ಅವಳಿಗೆ ಪುಟ್ಟಿಯೇ. ಸಾಕಿದವರಿಗೆ ಒಂದು ರೋಗ ಇರುತ್ತದೆ: ಸಾಕಿಸಿಕೊಂಡವರು ದೊಡ್ಡವರಾದದ್ದು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಪುಟ್ಟಿ ಹಸಿವು ಅಂದರೆ ಅಕ್ಕ ಮೊದಲು ಗಡಿಯಾರ ನೋಡುತ್ತಿದ್ದಳು. ಚಳಿ ಅಂದರೆ ಮೊದಲು ತನ್ನ ತೋಳು ಮುಟ್ಟಿಕೊಂಡು, ಹೌದೋ ಅಲ್ಲವೋ ಎಂದು ತಾನೇ ತೀರ್ಮಾನ ಮಾಡುತ್ತಿದ್ದಳು.

ಹೊಸ ಕೆಲಸ ಅಂದೆನಲ್ಲ, ಅದು ಗಿಡಗಳಿಗೆ ಹವಾಮಾನ ಒದಗಿಸುವ ಕೆಲಸ. ಹಳೆಯ ಪೀಠೋಪಕರಣಗಳ ಗೋದಾಮಿನ ಹಿಂಬದಿಯಲ್ಲಿ ದಪ್ಪ ಬಿಳಿ ಹಲಗೆಗಳಿಂದ ಕಟ್ಟಿದ ಒಂದು ಕೋಣೆ. ಕಿಟಕಿ ಇಲ್ಲ, ಸಂದಿಗೊಂದಿಗೆಲ್ಲ ರಬ್ಬರು ಮೆತ್ತಿದ್ದರು, ಬಾಗಿಲಾದರೂ ಒಂದರ ಹಿಂದೆ ಒಂದರಂತೆ ಎರಡು. ಒಳಗೆ ಸಾಲು ಸಾಲು ಕಬ್ಬಿಣದ ಕಪಾಟುಗಳು, ಪ್ರತಿ ಅಂತಸ್ತಿನ ನೆತ್ತಿಯ ಮೇಲೆ ಬಿಳಿ ದೀಪ, ಕೆಳಗೆ ಪ್ಲಾಸ್ಟಿಕ್ ಕೊಳವೆಗಳಲ್ಲಿ ಹರಿಯುವ ಗೊಬ್ಬರದ ನೀರು, ಅದರಲ್ಲಿ ಬೇರು ಇಳಿಬಿಟ್ಟುಕೊಂಡ ಸೊಪ್ಪು. ಮಣ್ಣು, ಬಿಸಿಲು, ಹುಳ ಯಾವುದೂ ಇಲ್ಲ. ದೊಡ್ಡ ಹೋಟೆಲುಗಳಲ್ಲಿ ಬೇಯಿಸದೆ ಹಸಿಯಾಗಿಯೇ ತಿನ್ನುವ ಸೊಪ್ಪಂತೆ ಅದು. "ಒಲೆ ಹಚ್ಚಕ್ಕೂ ಸೋಮಾರಿತನ ಪಡೋರಿಗೋಸ್ಕರ ನಾವು ಇಷ್ಟೆಲ್ಲ ಒದ್ದಾಡಬೇಕು ನೋಡು," ಎನ್ನುತ್ತಿದ್ದಳು ಪುಟ್ಟಿ.

ಅಕ್ಕ ಮೊದಲು ಐಸ್‌ಕ್ರೀಮಿನ ಗೋದಾಮಿನಲ್ಲಿ ತಣ್ಣನೆಯ ಕೋಣೆಗಳನ್ನು ನೋಡಿಕೊಳ್ಳುತ್ತಿದ್ದವಳು. ಯಂತ್ರದ ಸದ್ದು ಕೇಳಿಯೇ ಅದರ ಹೊಟ್ಟೆನೋವು ಹೇಳುವಷ್ಟು ಪಳಗಿದ್ದಳು. ಇಲ್ಲಿ ಎಸಿ, ತೇವ ಹೀರಿ ಬಕೆಟ್ಟಿಗೆ ನೀರು ಬಿಡುವ ಯಂತ್ರ, ಎಲೆಗಳನ್ನು ಸದಾ ಅಲುಗಿಸುವ ಫ್ಯಾನುಗಳು, ಎಲ್ಲ ಅವಳ ಕೈಯಲ್ಲಿ. ಎಲ್ಲಕ್ಕಿಂತ ದೊಡ್ಡ ಜವಾಬ್ದಾರಿ ಗ್ಯಾಸು. ಅಡುಗೆಯದಲ್ಲ, ನಾವು ಉಸಿರು ಬಿಡುವಾಗ ಹೊರಗೆ ಹಾಕುತ್ತೇವಲ್ಲ, ಅದು. ನಮಗೆ ಬೇಡವಾದ ಆ ಗಾಳಿಯೇ ಗಿಡಕ್ಕೆ ಊಟ. ಬಿಗಿಯಾಗಿ ಮುಚ್ಚಿದ ಕೋಣೆಯಲ್ಲಿ ದೀಪ ಹಚ್ಚಿದರೆ ಗಿಡಗಳು ಇದ್ದಬದ್ದ ಆ ಗ್ಯಾಸನ್ನೆಲ್ಲ ತಿಂದು ಮುಗಿಸಿ ಆಮೇಲೆ ಬೆಳೆಯದೆ ಸುಮ್ಮನೆ ನಿಂತುಬಿಡುತ್ತವೆ. ಅದಕ್ಕೇ ಹೊರಗಿನ ಓಣಿಯಲ್ಲಿ ಸಿಲಿಂಡರುಗಳನ್ನು ಸರಪಳಿ ಹಾಕಿ ನಿಲ್ಲಿಸಿ, ಸಣ್ಣ ಕೊಳವೆಯಿಂದ ಒಳಗೆ ಗ್ಯಾಸು ಉಣಿಸುತ್ತಿದ್ದರು. ಎಷ್ಟು ಉಣಿಸಬೇಕು ಎಂದು ಹೇಳುವುದು ಗೋಡೆಯ ಮೇಲಿನ ಬಿಳಿ ಡಬ್ಬಿ. ಹೊರಗಿನ ಬಯಲು ಗಾಳಿಯಲ್ಲಿ ಅದು ನಾನೂರು ಚಿಲ್ಲರೆ ತೋರಿಸುತ್ತದೆ, ಕೋಣೆಗೆ ಬೇಕಾದದ್ದು ಸಾವಿರ. ಸಾವಿರಕ್ಕಿಂತ ಇಳಿದರೆ ಟಕ್ ಎಂದು ವಾಲ್ವ್ ತೆರೆಯುತ್ತಿತ್ತು, ಮುಟ್ಟಿದರೆ ಟಕ್ ಎಂದು ಮುಚ್ಚುತ್ತಿತ್ತು. ಸಾವಿರದಲ್ಲಿ ಮನುಷ್ಯರು ದಿನವಿಡೀ ಕೂತು ಕೆಲಸ ಮಾಡಿದರೂ ತೊಂದರೆಯಿಲ್ಲ. ಆ ಡಬ್ಬಿಯಲ್ಲಿ ಸಾವಿರ ಕಂಡರೆ ಅಕ್ಕನಿಗೆ ಮನಸ್ಸು ತಣ್ಣಗಾಗುತ್ತಿತ್ತು.

ಎಲೆ ಕತ್ತರಿಸಿ ಡಬ್ಬಕ್ಕೆ ತುಂಬಲು ಒಂದಷ್ಟು ಹೆಂಗಸರಿದ್ದರು. ಅವರಲ್ಲಿ ಎಲ್ಲರಿಗಿಂತ ಹಿರಿಯಳನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಜಾಗ ಖಾಲಿಯಾದಾಗ ಅಕ್ಕ ಪುಟ್ಟಿಯನ್ನೂ ಸೇರಿಸಿದಳು. ಕೊನೆಗೆ ಬಂದವಳಿಗೆ ಕೊನೆಯ ಜಾಗ: ಬಾಗಿಲಿನಿಂದ ದೂರದ ಮೂಲೆ, ಎಲ್ಲಕ್ಕಿಂತ ಕೆಳಗಿನ ಅಂತಸ್ತು, ಕೂರಲು ಗೇಣುದ್ದದ ಸ್ಟೂಲು. ಪುಟ್ಟಿ ಗೊಣಗಲಿಲ್ಲ. ಚುರುಕು ಕೈ, ಅದಕ್ಕಿಂತ ಚುರುಕು ನಾಲಿಗೆ. ಅವಳು ಬಂದ ಮೇಲೆ ಆ ಮೂಲೆಯಿಂದ ಇಡೀ ಕೋಣೆಗೆ ನಗು ಕೇಳಿಸುತ್ತಿತ್ತು. ಅಕ್ಕನ ಹೊಸ ಹೆಸರು ಅಲ್ಲೂ ಎಲ್ಲರ ಬಾಯಿಗೆ ಹತ್ತಿದ್ದು ಹಾಗೆಯೇ.

ಕೋಣೆ ಕಟ್ಟಿದವರು ಒಂದು ಮಾತು ಹೇಳಿ ಹೋಗಿದ್ದರು. ವಾರಕ್ಕೊಮ್ಮೆ, ರಜೆಯ ದಿನ ಬೆಳಿಗ್ಗೆ, ಎರಡೂ ಬಾಗಿಲು ತೆರೆದು, ಗ್ಯಾಸು ನಿಲ್ಲಿಸಿ, ಹೊರಗಿನ ಗಾಳಿ ಚೆನ್ನಾಗಿ ಆಡುವಂತೆ ಬಿಡಬೇಕು. ಯಾಕೆ ಎಂದು ಅವರು ಹೇಳಿದ್ದರೋ ಇಲ್ಲವೋ, ಕೇಳಿಸಿಕೊಂಡವರಂತೂ ಯಾರೂ ಇರಲಿಲ್ಲ. ಅಕ್ಕ ಒಂದು ವರ್ಷ ತಪ್ಪದೆ ಮಾಡಿದಳು, ಮಾಡುವಾಗಲೆಲ್ಲ ಹೊಟ್ಟೆ ಉರಿಸಿಕೊಂಡಳು. ತುಂಬಿದ ಗ್ಯಾಸೆಲ್ಲ ಬೀದಿಪಾಲು, ತಣ್ಣಗಿದ್ದ ಕೋಣೆ ಬೆಚ್ಚಗಾಗುತ್ತಿತ್ತು, ತೇವದ ಲೆಕ್ಕ ತಪ್ಪುತ್ತಿತ್ತು. ಒಂದು ಸಲ ಹಾಗೆ ತೆರೆದಿಟ್ಟ ಬಾಗಿಲಿನಿಂದಲೇ ಕಣ್ಣಿಗೆ ಕಾಣದಷ್ಟು ಸಣ್ಣ ಬಿಳಿ ನೊಣ ಒಳಗೆ ನುಗ್ಗಿ, ಒಂದು ಸಾಲು ಸೊಪ್ಪನ್ನು ಪೂರ್ತಿ ಹಾಳುಮಾಡಿತು.

ಆ ದಿನ ಅಕ್ಕ ಸೊಪ್ಪಿನ ಕೋಣೆಯ ಯಜಮಾನರ ಮುಂದೆ ನಿಂತು, "ಈ ಬಾಗಿಲು ತೆರೆಯೋದನ್ನ ಬಿಟ್ಟುಬಿಡೋಣ ಸಾರ್. ಡಬ್ಬಿ ಇದೆ, ಯಂತ್ರ ಇದೆ, ನಾನಿದೀನಿ. ಒಳಗಿನ ಗಾಳಿ ಒಳಗೇ ಇರಲಿ," ಎಂದಳು.

ಯಜಮಾನರು ಮನಸ್ಸಿನಲ್ಲೇ ಕೂಡಿ ಕಳೆದು ಮುಖ ಅರಳಿಸಿದರು. ಉಳಿತಾಯ ಎಂಬ ಪದ ಕೇಳಿದರೆ ಅವರಿಗೆ ಸಂಗೀತ ಕೇಳಿದ ಹಾಗೆ. ತಿಂಗಳು ತುಂಬುವುದರೊಳಗೆ ಅಕ್ಕ ಮೇಲ್ವಿಚಾರಕಿಯಾದಳು. ಬಾಗಿಲಿನ ಹೊರಗೆ ಅವಳಿಗಾಗಿ ಒಂದು ಗಾಜಿನ ಗೂಡು ಕಟ್ಟಿಸಿದರು. ತಿರುಗುವ ಕುರ್ಚಿ, ಮೇಜು, ಮೇಜಿನ ಎದುರಿಗೇ ಒಳಗಿನ ಡಬ್ಬಿಯ ಅಂಕಿಯನ್ನು ತೋರಿಸುವ ಒಂದು ಪರದೆ. ಇನ್ನು ಅವಳು ದಿನಕ್ಕೊಂದೆರಡು ಸಲ ಒಳಗೆ ಇಣುಕಿ ಬಂದರೆ ಸಾಕಿತ್ತು. ಕುರ್ಚಿ ಸಿಕ್ಕವರಿಗೆ ಬಹಳ ಅನುಕೂಲಗಳಾಗುತ್ತವೆ. ಅಕ್ಕನಿಗೆ ಆದ ಅನುಕೂಲವೆಂದರೆ, ಆ ಕೋಣೆಯ ಗಾಳಿಯನ್ನು ಇನ್ನು ಮುಂದೆ ತಾನು ಉಸಿರಾಡಬೇಕಾಗಿರಲಿಲ್ಲ.

ಪುಟ್ಟಿಗೆ ತಲೆನೋವು ಶುರುವಾದದ್ದು ಅದಾದ ಮೇಲೆ. ಮೊದಲು ಮಧ್ಯಾಹ್ನ ಮಾತ್ರ ಬರುತ್ತಿತ್ತು, ಆಮೇಲೆ ಕೆಲಸಕ್ಕೆ ಕೂತ ಸ್ವಲ್ಪ ಹೊತ್ತಿಗೇ.

"ಅಕ್ಕ, ಹಣೆಗೆ ಯಾರೋ ಹಗ್ಗ ಕಟ್ಟಿ ಬಿಗೀತಿರೋ ಹಾಗಿದೆ."

"ಬಿಸಿಲಿಗೆ ಇರಬೇಕು. ಬರುವಾಗ ತಲೆ ಮೇಲೆ ಏನಾದರೂ ಹಾಕ್ಕೊಂಡು ಬಾ."

"ದಿನವಿಡೀ ಕಿಟಕಿ ಇಲ್ಲದ ಡಬ್ಬದೊಳಗೆ ಕೂತಿರೋಳಿಗೆ ಯಾವ ಬಿಸಿಲೇ?"

ಅಕ್ಕ ಪರದೆಯ ಕಡೆ ಬೆರಳು ತೋರಿಸಿದಳು. "ನೋಡು, ಸಾವಿರ. ಒಂದು ಕೂದಲು ಆಚೀಚೆ ಇಲ್ಲ."

"ಆ ಡಬ್ಬಿಗೆ ನೋಯಕ್ಕೆ ತಲೆ ಇದೆಯಾ?" ಎಂದಳು ಪುಟ್ಟಿ. ಗೂಡಿನ ಹೊರಗಿದ್ದ ಹೆಂಗಸರು ನಕ್ಕರು. ಅಕ್ಕನಿಗೆ ಮುಖಕ್ಕೆ ಹೊಡೆದಂತಾಯಿತು. ಮನೆಯಲ್ಲಿ ತಮಾಷೆ ಮಾಡುವುದು ಬೇರೆ, ಗಾಜಿನ ಗೂಡಿನಲ್ಲಿ ಕೂತ ಮೇಲ್ವಿಚಾರಕಿಯನ್ನು ನಾಲ್ಕು ಜನರೆದುರು ಆಡಿಕೊಳ್ಳುವುದು ಬೇರೆ. ಅಲ್ಲಿಂದ ಮುಂದೆ, ಸೊಪ್ಪಿನ ಮನೆಯಲ್ಲೇ ದುಡಿಯುತ್ತಿದ್ದ ಪುಟ್ಟಿಯ ಮಾತಿಗೆ ಅಕ್ಕ ಸೊಪ್ಪು ಹಾಕುವುದನ್ನೇ ಬಿಟ್ಟಳು.

ತಲೆನೋವಿನ ಬೆನ್ನಿಗೇ ಮಂಪರು ಬಂತು. ಕತ್ತರಿ ಹಿಡಿದ ಕೈ ಹಾಗೇ ನಿಂತುಬಿಡುತ್ತಿತ್ತು, ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಮೂಲೆಯಿಂದ ಬರುತ್ತಿದ್ದ ನಗು ನಿಂತುಹೋಯಿತು. ಪುಟ್ಟಿ ಎರಡು ಮೂರು ಸಲ ಎದ್ದು ಹೊರಗೆ ಬಂದು ಓಣಿಯಲ್ಲಿ ನಿಂತು ಉಸಿರೆಳೆದುಕೊಂಡು ಹೋಗುವುದನ್ನು ಗಾಜಿನ ಗೂಡಿನಿಂದ ಅಕ್ಕ ನೋಡುತ್ತಿದ್ದಳು. ನೋಡಿ, ಕೆಲಸಗಳ್ಳತನ ಎಂದುಕೊಳ್ಳುತ್ತಿದ್ದಳು. ಚಿಕ್ಕಂದಿನಲ್ಲೂ ಇವಳು ಹೀಗೆಯೇ ಅಲ್ಲವೇ, ಬೆಳಿಗ್ಗೆ ಏಳಿಸಲು ಮುಖಕ್ಕೆ ನೀರು ಚಿಮುಕಿಸಬೇಕಿತ್ತಲ್ಲವೇ, ಪರೀಕ್ಷೆಯ ದಿನ ಹೊಟ್ಟೆನೋವು ಅನ್ನುತ್ತಿದ್ದಳಲ್ಲವೇ? ಬೇಕೆಂದಾಗ ಎಳೆದು ತರಲು ಇಪ್ಪತ್ತು ವರ್ಷದ ಹಿಂದಿನ ಸಾಕ್ಷಿಗಳೆಲ್ಲ ಅಕ್ಕನ ಹತ್ತಿರ ಇದ್ದವು.

ಅದೇ ಹೊತ್ತಿಗೆ ಇನ್ನೊಂದು ಗುಸುಗುಸು ಅವಳ ಕಿವಿಗೆ ಬಿತ್ತು. ತಂಗಿಯಾದರೆ ಎಷ್ಟು ಸಲ ಹೊರಗೆ ಬಂದರೂ ನಡೆಯುತ್ತದೆ, ಇಲ್ಲಿ ಅಕ್ಕ ತಂಗಿಯರದೇ ದರ್ಬಾರು ಎಂದು ಯಾರೋ ಅಂದರಂತೆ. ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಪಕ್ಷಪಾತಿ ಅನ್ನಿಸಿಕೊಳ್ಳುವುದಕ್ಕಿಂತ ಸಾಯುವುದು ಮೇಲು ಎಂದುಕೊಳ್ಳುವ ಜಾತಿ ಅವಳದು. ಇಂಥವರು ನ್ಯಾಯ ತೋರಿಸಬೇಕೆಂದರೆ ಮೊದಲು ಮನೆಯವರ ಕತ್ತಿಗೇ ಕೈ ಹಾಕುತ್ತಾರೆ.

ಒಂದು ಸಂಜೆ ಮನೆಯಲ್ಲಿ, ಪಾತ್ರೆ ತೊಳೆಯುತ್ತಿದ್ದ ಪುಟ್ಟಿ ಕೈ ಒರೆಸಿಕೊಂಡು ಅಕ್ಕನ ಎದುರಿಗೆ ಬಂದು ಕೂತಳು. ತಮಾಷೆಯ ಮುಖವಲ್ಲ.

"ಅಕ್ಕ, ಒಂದೇ ಒಂದು ಕೇಳ್ತೀನಿ. ಒಂದು ದಿನ ನನ್ನ ಜಾಗದಲ್ಲಿ ಕೂತು ನೋಡು. ಬೆಳಿಗ್ಗೆಯಿಂದ ಸಂಜೆ ತನಕ. ನಿನಗೇನೂ ಆಗದಿದ್ರೆ ನಾನು ಬಾಯಿ ಬಿಡಲ್ಲ."

"ನನಗೆ ಬೇರೆ ಕೆಲಸ ಇಲ್ವಾ?"

"ಒಂದು ದಿನ ಕಣೇ."

"ಅಲ್ಲ ಪುಟ್ಟಿ, ನೀನು ನಿದ್ದೆ ಮಾಡ್ತೀಯ ಅಂತ ನಾನು ಆ ಸ್ಟೂಲ್ ಮೇಲೆ ಹೋಗಿ ಕೂತರೆ ನೋಡಿದೋರು ಏನಂತಾರೆ? ತಂಗಿ ಕೆಲಸಾನೂ ಅಕ್ಕನೇ ಮಾಡ್ತಾಳೆ ಅನ್ನಲ್ವಾ?"

ಪುಟ್ಟಿ ಎದ್ದು ಹೋಗಿ ಉಳಿದ ಪಾತ್ರೆ ತೊಳೆದಳು. ಆ ಒಂದು ದಿನವನ್ನು ಅಕ್ಕ ಕೊಟ್ಟಿದ್ದರೆ ಈ ಕಥೆ ಹೇಳುವ ಅಗತ್ಯವೇ ಇರುತ್ತಿರಲಿಲ್ಲ. ಕೊಡಲಿಲ್ಲ.

ಅದಾದ ವಾರದಲ್ಲಿ ಪುಟ್ಟಿ ಕೂತಲ್ಲೇ ಮುಂದಕ್ಕೆ ವಾಲಿದಳು. ತೊಡೆಯ ಮೇಲಿದ್ದ ಎಳೆ ಸಸಿಗಳ ತಟ್ಟೆ ಉರುಳಿ, ಸಸಿ, ಬೇರು, ಸ್ಪಂಜಿನ ಚೂರು ಎಲ್ಲ ಹೋಗಿ ನೀರಿನ ಕೊಳವೆಯಲ್ಲಿ ಕಟ್ಟಿಕೊಂಡವು. ಪಂಪು ಬಿಸಿಯಾಗಿ ನಿಂತಿತು. ಯಾರ ಗಮನಕ್ಕೂ ಬರುವ ಮೊದಲೇ ಆ ಸಾಲಿನ ಸೊಪ್ಪೆಲ್ಲ ಸೋತು ತಲೆ ಬಾಗಿಸಿತ್ತು. ಅದೇ ದಿನ ಹೋಟೆಲಿಗೆ ಹೋಗಬೇಕಾದ ಮಾಲು. ಯಜಮಾನರು ಬಂದು ಬಾಡಿದ ಎಲೆ ಒಂದನ್ನು ಕೈಯಲ್ಲಿ ಹಿಡಿದು, ಅಕ್ಕನ ಮುಖ ನೋಡಿದರು. ಉಳಿದ ಹೆಂಗಸರೂ ಅಕ್ಕನ ಮುಖವನ್ನೇ ನೋಡಿದರು.

ಪುಟ್ಟಿಯನ್ನು ಹೊರಗೆ ಓಣಿಯಲ್ಲಿ ಕೂರಿಸಿ ದೊಡ್ಡಮ್ಮ ನೀರು ಕುಡಿಸುತ್ತಿದ್ದಳು. ಪುಟ್ಟಿಯ ಮುಖ ಬೆವತಿತ್ತು, ತುಟಿ ಒಣಗಿತ್ತು. ಅಕ್ಕ ಹೋಗಿ ಎದುರಿಗೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನಾಳೆಯಿಂದ ಬರಬೇಡ. ನನ್ನ ತಂಗಿ ಅಂತ ನಾನು ನೋಡಲ್ಲ. ನಿದ್ದೆ ಮಾಡಕ್ಕೆ ಮನೆ ಇದೆ."

ಪುಟ್ಟಿ ಲೋಟ ಕೆಳಗಿಟ್ಟಳು. "ನಿನ್ನ ಮನೇನೇ ಅಲ್ವಾ ಅದೂ," ಎಂದಳು, ಅಷ್ಟೇ. ಸಂಜೆ ಅಕ್ಕ ಬರುವಷ್ಟರಲ್ಲಿ ಅವಳ ಬಟ್ಟೆ, ಬಾಚಣಿಗೆ, ಅಮ್ಮನ ಹಳೆಯ ಶಾಲು ಇರಲಿಲ್ಲ. ಕಿಟಕಿಗಳನ್ನೆಲ್ಲ ಮುಚ್ಚಿ, ಒದ್ದೆ ಟವೆಲ್ಲನ್ನು ಬೇಕೆಂದೇ ಕುರ್ಚಿಯ ಬೆನ್ನಿಗೆ ಹಾಕಿ ಹೋಗಿದ್ದಳು. ಎರಡು ದಿನದಲ್ಲಿ ಕೋಪ ಇಳಿದು ಬರುತ್ತಾಳೆ ಎಂದುಕೊಂಡ ಅಕ್ಕ ಆ ಟವೆಲ್ಲನ್ನು ಅಲ್ಲಿಂದ ತೆಗೆಯಲಿಲ್ಲ.

ಕೆಲಸದ ಜಾಗದಲ್ಲಿ ಮಾತ್ರ ಎಲ್ಲರೂ ನೆಟ್ಟಗಾದರು. ಯಾರೂ ಹೊರಗೆ ಬರುತ್ತಿರಲಿಲ್ಲ, ಯಾರೂ ತಲೆನೋವು ಎನ್ನುತ್ತಿರಲಿಲ್ಲ. ತಂಗಿಯನ್ನೇ ಬಿಡದವಳು ನಮ್ಮನ್ನು ಬಿಟ್ಟಾಳೆಯೇ ಎಂಬ ಭಯ. ಅಕ್ಕ ಅದನ್ನು ಶಿಸ್ತು ಎಂದು ತಿಳಿದಳು. ಯಜಮಾನರು ಒಮ್ಮೆ ಎಲ್ಲರೆದುರು ಅವಳನ್ನು ಹೊಗಳಿದರು ಕೂಡ. ಅಕ್ಕ ತಲೆ ತಗ್ಗಿಸಿ ನಿಂತು ಆ ಹೊಗಳಿಕೆಯನ್ನು ತೆಗೆದುಕೊಂಡಳು. ಮನೆಗೆ ಬಂದು ಒಬ್ಬಳೇ ಊಟ ಮಾಡಿದಳು.

ಒಂದು ವಿಷಯ ಮಾತ್ರ ಕಾಡುತ್ತಿತ್ತು. ಸಿಲಿಂಡರುಗಳು ಮೊದಲಿಗಿಂತ ಬೇಗ ಬೇಗ ಖಾಲಿಯಾಗುತ್ತಿದ್ದವು. ಬಾಗಿಲು ತೆರೆಯುವುದನ್ನು ನಿಲ್ಲಿಸಿದ ಮೇಲೆ ಖರ್ಚು ಇಳಿಯಬೇಕಿತ್ತು, ಮೊದಮೊದಲು ಇಳಿದದ್ದೂ ಹೌದು, ಈಗ ಏರುತ್ತಿತ್ತು. ಎಲ್ಲೋ ಸೋರುತ್ತಿದೆ ಎಂದು ಅಕ್ಕ ಸೋಪಿನ ನೊರೆ ಹಚ್ಚಿ ಓಣಿಯ ಕೊಳವೆಯ ಒಂದೊಂದು ಕೀಲನ್ನೂ ನೋಡಿದಳು. ಒಂದು ಗುಳ್ಳೆಯೂ ಏಳಲಿಲ್ಲ. ಪರದೆಯಲ್ಲಿ ನೋಡಿದರೆ ಸಾವಿರ, ಒಂದು ಕೂದಲು ಆಚೀಚೆ ಇಲ್ಲ. ಕಡೆಗೆ ಯಜಮಾನರಿಗೇ ತಡೆಯಲಾಗದೆ ರಿಪೇರಿಯವನನ್ನು ಕರೆಸಿದರು. ಇಷ್ಟು ಜನರ ತಲೆ ನೋಯುತ್ತಿದ್ದಾಗ ಬಾರದಿದ್ದ ರಿಪೇರಿಯವನು ಸಿಲಿಂಡರಿನ ಬಿಲ್ಲು ನೋಯಿಸಿದಾಗ ಬಂದ.

ಅವನು ಚೀಲದಿಂದ ಅಂಗೈಯಗಲದ ಮೀಟರು ತೆಗೆದು ಹೊರಗಿನ ಓಣಿಯಲ್ಲಿ ಹಿಡಿದ. ನಾನೂರು ಚಿಲ್ಲರೆ. ಸರಿ ಎಂದು ತಲೆಯಾಡಿಸಿ ಎರಡೂ ಬಾಗಿಲು ದಾಟಿ ಒಳಗೆ ಹೋದ. ಅಕ್ಕ ಹಿಂದೆಯೇ ಹೋದಳು. ಮೀಟರಿನ ಅಂಕಿ ಸಾವಿರ ದಾಟಿತು, ಎರಡು ಸಾವಿರ ದಾಟಿತು, ನಿಲ್ಲಲಿಲ್ಲ. ಗೋಡೆಯ ಡಬ್ಬಿಯ ಪಕ್ಕದಲ್ಲಿ ಹಿಡಿದಾಗ ಐದು ಸಾವಿರ ದಾಟಿತ್ತು. ಡಬ್ಬಿ ಮಾತ್ರ ಅದರ ಪಕ್ಕದಲ್ಲೇ ಸಾವಿರ ಎಂದು ಹಸಿರು ದೀಪ ಬೆಳಗಿಸಿಕೊಂಡು ನಿಂತಿತ್ತು. ಅವನು ಹಿಂದಿನ ಮೂಲೆಗೆ ಹೋಗಿ, ಪುಟ್ಟಿಯ ಸ್ಟೂಲಿನ ಹತ್ತಿರ ಬಗ್ಗಿ ನೋಡಿ, ಅಂಕಿಯನ್ನು ಗಟ್ಟಿಯಾಗಿ ಓದಲೂ ಇಲ್ಲ.

"ಎಲ್ಲರೂ ಹೊರಗೆ ನಡೀರಿ," ಎಂದ. "ಈಗಲೇ."

ಬಾಗಿಲುಗಳನ್ನು ತೆರೆದಿಟ್ಟು ಓಣಿಯಲ್ಲಿ ನಿಂತು ಅವನು ಬೆವರು ಒರೆಸಿಕೊಂಡ. "ಇಲ್ಲಿ ವಾರಕ್ಕೊಂದು ಸಲ ಹೊರಗಿನ ಗಾಳಿ ಬಿಡ್ತಿಲ್ವಾ?"

"ನಿಲ್ಲಿಸಿದೀವಿ," ಎಂದಳು ಅಕ್ಕ.

"ಯಾರು ನಿಲ್ಲಿಸಿದ್ದು?"

ಅಕ್ಕ ಬಾಯಿ ತೆರೆಯುವ ಮೊದಲೇ ಯಜಮಾನರು, "ಅದು ಇವರ ಐಡಿಯಾ," ಎಂದರು. ಹೊಗಳುವಾಗ ನಮ್ಮ ಐಡಿಯಾ ಎನ್ನುತ್ತಿದ್ದವರು ಅವರೇ.

ರಿಪೇರಿಯವನು ಬಿಡಿಸಿ ಹೇಳಿದ. "ಈ ಡಬ್ಬಿಗೆ ಹೊರಗಿನ ಗಾಳಿ ಅಂದ್ರೆ ಯಾವುದು ಅಂತ ತಾನಾಗಿ ಗೊತ್ತಿರಲ್ಲ. ವಾರವಿಡೀ ನೋಡುತ್ತೆ, ಅದರಲ್ಲಿ ಎಲ್ಲಕ್ಕಿಂತ ಕಡಿಮೆ ಯಾವುದು ಕಂಡಿತೋ ಅದನ್ನೇ ಹೊರಗಿನ ಗಾಳಿ ಅಂದ್ಕೊಳ್ಳುತ್ತೆ. ಅದನ್ನೇ ನಾನೂರು ಅಂತ ಇಟ್ಕೊಂಡು ಮೇಲಕ್ಕೆ ಅಳೆಯುತ್ತೆ. ವಾರಕ್ಕೊಂದು ಸಲ ಬಾಗಿಲು ತೆರೀರಿ ಅನ್ನೋದು ಅದಕ್ಕೆ. ನೀವು ತೆರೀಲಿಲ್ಲ. ಕೋಣೆಯೊಳಗಿನ ಕೆಟ್ಟ ಗಾಳೀನೇ ಒಳ್ಳೇದು ಅಂತ ತಿಳ್ಕೊಂಡು, ಇನ್ನೂ ಬೇಕು ಅಂತ ಗ್ಯಾಸ್ ಬಿಟ್ಕೊಂಡು ಹೋಯ್ತು. ಮುಂದಿನ ವಾರ ಅದನ್ನೇ ಒಳ್ಳೇದು ಅಂದ್ಕೊಳ್ತು. ಹಾಗೇ ಏರುತ್ತಾ ಹೋಗಿದೆ. ಈ ಗ್ಯಾಸು ಗಾಳಿಗಿಂತ ಭಾರ, ಕೆಳಗಿನ ಮೂಲೇಲಿ ಇನ್ನೂ ಜಾಸ್ತಿ ಕೂತಿದೆ. ಸೋರಿಕೆ ಎಲ್ಲೂ ಇಲ್ಲ. ಗ್ಯಾಸೆಲ್ಲ ಒಳಗೇ ಇತ್ತು, ಇವರ ತಲೆಯೊಳಗೆ."

"ಡಬ್ಬಿ ಕೆಟ್ಟಿತ್ತು ಅನ್ನಿ ಹಾಗಾದರೆ," ಎಂದರು ಯಜಮಾನರು.

"ಕೆಟ್ಟಿರಲಿಲ್ಲ ಸಾರ್. ಅದಕ್ಕೆ ಕೂಡಿಹಾಕಿದ ಗಾಳಿ ಮಾತ್ರ ಗೊತ್ತಿತ್ತು. ಜನ ಕೂರೋ ಕಡೆ ಬೇರೆ ಅಲಾರಂ ಹಾಕಿಸಿ ಅಂತ ಕೋಣೆ ಕಟ್ಟಿದಾಗಲೇ ಹೇಳಿದ್ದೆ."

"ಅದೆಲ್ಲ ಆಮೇಲೆ ನೋಡೋಣ," ಎಂದು ಯಜಮಾನರು ಅಕ್ಕನ ಕಡೆ ತಿರುಗಿದರು. "ಇದನ್ನ ಹೊರಗೆಲ್ಲ ಹೇಳ್ಕೊಂಡು ತಿರುಗೋದು ಬೇಡ. ವಾರಕ್ಕೊಂದು ಸಲ ತೆರೆಯೋದು ಮತ್ತೆ ಶುರು ಮಾಡಿ. ಎಷ್ಟು ಸಿಲಿಂಡರು ವ್ಯರ್ಥ ಆಯ್ತೋ ಏನೋ."

ಅಕ್ಕ ಓಣಿಯ ಗೋಡೆಗೆ ಒರಗಿ ಕೂತಿದ್ದ ದೊಡ್ಡಮ್ಮನ ಪಕ್ಕದಲ್ಲಿ ಕೂತು, "ದೊಡ್ಡಮ್ಮ, ನಿಮಗೂ ನೋಯ್ತಿತ್ತಾ?" ಎಂದು ಕೇಳಿದಳು.

"ಎಲ್ಲರಿಗೂ ನೋಯ್ತಿತ್ತು ಕಣಮ್ಮ."

"ಮತ್ತೆ ಯಾಕೆ ಹೇಳಲಿಲ್ಲ?"

ದೊಡ್ಡಮ್ಮ ಅವಳನ್ನು ನೋಡಿದ್ದು ಕೋಪದಿಂದಲ್ಲ, ಕನಿಕರದಿಂದ. "ಹೇಳಿದೋಳಿಗೆ ಏನಾಯ್ತು ಅಂತ ನೋಡಿದ್ವಲ್ಲ," ಎಂದಳು.

ಪುಟ್ಟಿ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಕೆಲಸ ಹಿಡಿದು, ಅದರ ಮಹಡಿಯ ಮೇಲೆ ಜೊತೆಯ ಹೆಂಗಸೊಬ್ಬಳೊಂದಿಗೆ ಕೋಣೆ ಮಾಡಿಕೊಂಡಿದ್ದಳು. ಇದು ಅಕ್ಕನಿಗೆ ಮೊದಲೇ ಗೊತ್ತಿತ್ತು, ಹೋಗಲು ಮಾತ್ರ ಕಾಲು ಬಂದಿರಲಿಲ್ಲ. ಆ ಸಂಜೆ ಹೋದಳು. ಮೆಟ್ಟಿಲು ಹತ್ತುವಾಗ ಒಂದೇ ಆಸೆ: ತಪ್ಪು ತಂಗಿಯದಲ್ಲ ಎಂದು ಹೇಳಿಬಿಟ್ಟರೆ ಸಾಕು, ಅವಳು ಅಳುತ್ತಾಳೆ, ತಾನೂ ಅಳುತ್ತೇನೆ, ಬಟ್ಟೆ ಕಟ್ಟಿಕೊಂಡು ಇಬ್ಬರೂ ಮನೆಗೆ ಬರುತ್ತೇವೆ. ಪುಟ್ಟಿ ಬಾಗಿಲು ತೆರೆದಳು. ಇಸ್ತ್ರಿಯ ಬಿಸಿಗೆ ಮುಖ ಕೆಂಪಾಗಿತ್ತು, ಕಣ್ಣು ಮಾತ್ರ ನಿಚ್ಚಳವಾಗಿತ್ತು. ಕೂರು ಎಂದು ಒಂದೇ ಒಂದು ಕುರ್ಚಿಯನ್ನು ಅಕ್ಕನಿಗೆ ಬಿಟ್ಟುಕೊಟ್ಟು ತಾನು ಮಂಚದ ಅಂಚಿಗೆ ಕೂತಳು.

"ಪುಟ್ಟಿ, ನಿನ್ನ ತಪ್ಪಿರಲಿಲ್ಲ ಕಣೇ," ಎಂದಳು ಅಕ್ಕ, ಏದುಸಿರು ಇಳಿಯುವುದಕ್ಕೂ ಕಾಯದೆ. "ಒಳಗೆ ಗ್ಯಾಸು ಐದು ಪಟ್ಟು ಏರಿತ್ತು. ಡಬ್ಬಿ ಸುಳ್ಳು ಹೇಳ್ತಿತ್ತು."

"ಹೌದಾ. ಯಾರು ಹೇಳಿದ್ರು?"

"ರಿಪೇರಿಯವನು ಬಂದಿದ್ದ. ಅವನ ಹತ್ತಿರ ಒಂದು ಮೀಟರು ಇತ್ತು, ಅದರಲ್ಲಿ ನೋಡಿದ..."

"ಅಂದ್ರೆ ಇನ್ನೊಂದು ಡಬ್ಬಿ ಹೇಳ್ತು," ಎಂದಳು ಪುಟ್ಟಿ.

ಅಕ್ಕ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡಳು.

"ಒಂದು ಡಬ್ಬಿ ಹೇಳ್ತು ಅಂತ ನನ್ನ ಹೊರಗೆ ಹಾಕಿದೆ. ಇನ್ನೊಂದು ಡಬ್ಬಿ ಹೇಳ್ತು ಅಂತ ಈಗ ಕರೆಯಕ್ಕೆ ಬಂದಿದೀಯ. ನನ್ನ ತಲೆ ನೋಯ್ತಿದೆ ಅಂತ ನಾನೇ ಹೇಳಿದೆನಲ್ಲ ಅಕ್ಕ, ಅದು ಯಾವತ್ತು ಲೆಕ್ಕಕ್ಕೆ ಬರೋದು?"

"ತಪ್ಪಾಯ್ತು ಕಣೇ. ಮನೆಗೆ ಬಾ. ಯಜಮಾನರ ಹತ್ತಿರ ನಾನೇ ಮಾತಾಡ್ತೀನಿ. ಬಾಗಿಲ ಹತ್ತಿರದ ಜಾಗ ಕೊಡಿಸ್ತೀನಿ."

ಪುಟ್ಟಿ ನಕ್ಕಳು, ಹಳೆಯ ನಗುವೇ. "ಮನೆಗೆ ಬಂದ್ರೆ ನನಗೆ ಜ್ವರ ಬಂದ್ರೂ ಥರ್ಮಾಮೀಟರು ತಂದು ತೋರಿಸಬೇಕು ನಿನಗೆ. ಬೇಡ. ಇಲ್ಲಿ ಸೆಕೆ ಇದೆ, ಕಾಲು ನೋಯುತ್ತೆ. ಆದರೆ ಕಾಲು ನೋಯುತ್ತೆ ಅಂದ್ರೆ ಪಕ್ಕದೋಳು ಸ್ಟೂಲು ತಂದು ಕೊಡ್ತಾಳೆ. ಹೌದಾ ಅಂತ ಕೇಳಲ್ಲ." ಕಣ್ಣೊರೆಸಿಕೊಂಡು ಟೀ ಮಾಡಿದಳು, ಅಕ್ಕನಿಗೆ ಬೇಕಾದಷ್ಟೇ ಸಕ್ಕರೆ ಹಾಕಿದಳು. ಮೆಟ್ಟಿಲಿನವರೆಗೂ ಬಂದು ಕಳಿಸಿದಳು. ಆಗಾಗ ಬರುತ್ತಿರು ಎಂದು ಮಾತ್ರ ಅನ್ನಲಿಲ್ಲ. ಅಕ್ಕ ಮನೆಗೆ ಹೋಗಿ, ಕುರ್ಚಿಯ ಬೆನ್ನಿನ ಮೇಲೆ ಒಣಗಿ ಕಟ್ಟಿಗೆಯಾಗಿದ್ದ ಟವೆಲ್ಲನ್ನು ತೆಗೆದು ಮಡಿಸಿಟ್ಟಳು.

ವಾರಕ್ಕೊಮ್ಮೆ ಬಾಗಿಲು ತೆರೆಯುವುದು ಮತ್ತೆ ಶುರುವಾಯಿತು. ಡಬ್ಬಿಗೆ ಹೊರಗಿನ ಗಾಳಿ ನೆನಪಾಯಿತು, ಸಿಲಿಂಡರಿನ ಖರ್ಚು ಇಳಿಯಿತು, ಯಜಮಾನರ ಮುಖ ಅರಳಿತು. ಜನರಿಗಾಗಿ ಹಾಕಿಸಬೇಕಾದ ಅಲಾರಂ ಆಮೇಲೆ ನೋಡೋಣ ಎಂಬಲ್ಲೇ ನಿಂತಿತು. ಆ ಖಾಲಿ ಸ್ಟೂಲಿನ ಮೇಲೆ ಅಕ್ಕ ಒಂದು ಇಡೀ ದಿನ ಹೋಗಿ ಕೂತಳು. ಏನೂ ಆಗಲಿಲ್ಲ. ಗಾಳಿ ಸರಿಯಾಗಿತ್ತು, ತಲೆ ಹಗುರವಾಗಿತ್ತು. ಪುಟ್ಟಿ ಪಟ್ಟದ್ದರಲ್ಲಿ ಒಂದು ಚೂರೂ ಅವಳಿಗೆ ಸಿಗಲಿಲ್ಲ. ಪಾದದ ನೋವಿನಿಂದ ನಿಂತು ಕೆಲಸ ಮಾಡಲಾಗದ ದೊಡ್ಡಮ್ಮ ಆಮೇಲೆ ಆ ಸ್ಟೂಲು ತನಗಿರಲಿ ಎಂದಳು.

ಒಂದು ಮಧ್ಯಾಹ್ನ ದೊಡ್ಡಮ್ಮ ಎದ್ದು ಹೊರಗೆ ಬಂದು ಗಾಜಿನ ಗೂಡಿನ ಬಾಗಿಲಲ್ಲಿ ನಿಂತಳು. ಹಣೆಯನ್ನು ಅಂಗೈಯಿಂದ ಒತ್ತಿಕೊಂಡಿದ್ದಳು.

"ಗಾಳಿಯಕ್ಕ, ಯಾಕೋ ತಲೆ ಭಾರ ಕಣಮ್ಮ."

ಅಕ್ಕ ತಟ್ಟನೆ ತಲೆಯೆತ್ತಿದಳು. ಎತ್ತಿ ನೋಡಿದ್ದು ದೊಡ್ಡಮ್ಮನ ಮುಖವನ್ನಲ್ಲ, ಪರದೆಯನ್ನು. ಸಾವಿರ ಇತ್ತು. ಈ ಸಲ ನಿಜವಾದ ಸಾವಿರವೇ. ತಾನು ಏನು ಮಾಡಿದೆ ಎಂದು ಹೊಳೆದು ಅಕ್ಕ ಕಣ್ಣು ಕೀಳುವಷ್ಟರಲ್ಲಿ ದೊಡ್ಡಮ್ಮ ಅದನ್ನು ನೋಡಿಯಾಗಿತ್ತು.

"ದೊಡ್ಡಮ್ಮ, ಬನ್ನಿ, ಕೂತ್ಕೊಳ್ಳಿ ಇಲ್ಲಿ, ನೀರು..." ಎಂದು ಅಕ್ಕ ಕುರ್ಚಿಯಿಂದ ಎದ್ದಳು.

"ಬೇಡ ಬಿಡಮ್ಮ," ಎಂದಳು ದೊಡ್ಡಮ್ಮ, ಹಣೆಯಿಂದ ಕೈ ತೆಗೆದು. "ಬಿಸಿಲಿಗೆ ಇರಬೇಕು." ಸೆರಗಿನಿಂದ ಮುಖ ಒರೆಸಿಕೊಂಡು ಮೊದಲ ಬಾಗಿಲು ತೆರೆದಳು, ಎರಡನೆಯದನ್ನೂ ತೆರೆದಳು, ಒಳಗೆ ಹೋಗಿ ಎರಡನ್ನೂ ಮುಚ್ಚಿಕೊಂಡಳು.